ಸಹಾಯ ಬೇಕು: ಘಾತದ ಮೇಲೆ ಘಾತ ಬಂದರೆ ಕೊನೆಯ ಅಂಕಿ ಹೇಗೆ?

ಎಲ್ಲರಿಗೂ ನಮಸ್ಕಾರ. ಧಾರವಾಡದ ಸಪ್ತಾಪುರದಲ್ಲಿ ರೂಮ್ ಮಾಡಿಕೊಂಡು ಎಫ್‌ಡಿಎ ಪರೀಕ್ಷೆಗೆ ಓದುತ್ತಿದ್ದೇನೆ. ಬಿ.ಎ. ಓದಿದವಳು, ಗಣಿತ ಬಿಟ್ಟು ಬಹಳ ವರ್ಷ ಆಯ್ತು.

ಸಾದಾ ಲೆಕ್ಕ ಈಗ ಬರುತ್ತದೆ. 7ರ ಘಾತಗಳ ಕೊನೆಗೆ 7, 9, 3, 1, ಮತ್ತೆ 7. 2025ನ್ನು 4ರಿಂದ ಭಾಗಿಸಿದರೆ ಶೇಷ 1, ಹಾಗಾಗಿ 7ರ 2025ನೇ ಘಾತದ ಕೊನೆಯ ಅಂಕಿ 7. ಇದು ಹೊಳೆದ ದಿನ ಎಷ್ಟು ಖುಷಿಯಾಗಿತ್ತು!

ಸಿಕ್ಕಿಕೊಂಡಿದ್ದು ಇಲ್ಲಿ. 2ರ ತಲೆ ಮೇಲೆ 13, ಆ 13ರ ತಲೆ ಮೇಲೆ 15. 13ರ 15ನೇ ಘಾತದ ಕೊನೆಯ ಅಂಕಿ 7 ಅಂತ ತೆಗೆದೆ. 7ನ್ನು 4ರಿಂದ ಭಾಗಿಸಿದರೆ ಶೇಷ 3. 2ರ ಸುತ್ತು 2, 4, 8, 6. ಮೂರನೆಯದು 8. ಆದರೆ ಕೊಟ್ಟಿರುವ ಉತ್ತರ 2. ಅಚ್ಚಿನ ತಪ್ಪು ಅಂದುಕೊಂಡೆ. ಆಮೇಲೆ 15 ಬಿಟ್ಟು, ಬರೀ 2ರ 13ನೇ ಘಾತವನ್ನು ಕೈಯಲ್ಲೇ ಗುಣಿಸಿದೆ. 8192 ಬಂತು. 13ರ ಕೊನೆಯ 3 ಮಾತ್ರ ಹಿಡಿದರೆ 8 ಬರಬೇಕಿತ್ತು, ಅಲ್ವಾ? ಅಂದರೆ ನನ್ನ ದಾರಿಯೇ ತಪ್ಪು.

ಪೂರ್ತಿ 13ನ್ನೇ 4ರಿಂದ ಭಾಗಿಸಿದರೆ ಶೇಷ 1, ಆಗ ಉತ್ತರ ಸರಿ ಬರುತ್ತದೆ. ಆದರೆ ಘಾತದ ಜಾಗದಲ್ಲಿ ಕೊನೆಯ ಅಂಕಿಯೊಂದೇ ಯಾಕೆ ಸಾಲುವುದಿಲ್ಲ? ಸುಮ್ನೆ ಸೂತ್ರ ಬೇಡ, ಕಾರಣ ಬೇಕು. ಗಣಿತದ ಮೇಷ್ಟ್ರು, ಅಕ್ಕಂದಿರು ಯಾರಾದರೂ ದಯವಿಟ್ಟು ಬಿಡಿಸಿ ಹೇಳಿ.