ಮೊದಲ ಸೈಕಲ್ ಕಂಪ್ಯೂಟರ್: ತಂತಿಯದ್ದೋ, ಜಿಪಿಎಸ್ ಇರುವುದೋ?

ಪ್ರಶ್ನೆ (ಕಲ್ಯಾಣಪುರ, ಉಡುಪಿ)

ನಮಸ್ಕಾರ. ನಾನು ಸೈಕಲ್ ತುಳಿಯಲು ಆರಂಭಿಸಿ ಮೂರು ತಿಂಗಳಾಯಿತು. ಬೆಳಿಗ್ಗೆ ಮಲ್ಪೆಗೆ, ಭಾನುವಾರ ಕಾಪು ದೀಪಸ್ತಂಭದವರೆಗೆ ಹೋಗಿ ಬರುತ್ತೇನೆ. ವೇಗ ಮತ್ತು ದೂರ ತಿಳಿದರೆ ಸಾಕೆಂದು ಎಣಿಸಿ ಸೈಕಲ್ ಕಂಪ್ಯೂಟರ್ ಕೊಳ್ಳಲು ಅಂಗಡಿಗೆ ಹೋದವನು, ತಂತಿಯದ್ದು, ತಂತಿಯಿಲ್ಲದ್ದು, ಜಿಪಿಎಸ್ ಇರುವುದು ಎಂದು ಸಾಲಾಗಿ ಇಟ್ಟದ್ದನ್ನು ನೋಡಿ ಏನನ್ನೂ ಕೊಳ್ಳದೆ ಮರಳಿದೆ. ಮೊಬೈಲನ್ನೇ ಹ್ಯಾಂಡಲಿಗೆ ಕಟ್ಟಿಕೊಂಡರೆ ಸಾಲದೇ? ಮಳೆಗಾಲದಲ್ಲಿಯೂ ಸವಾರಿ ನಿಲ್ಲಿಸುವ ಮನಸ್ಸಿಲ್ಲ. ಟಯರಿನ ಅಳತೆ 700×35ಸಿ.

ಉತ್ತರ 1 (ಸುರತ್ಕಲ್)

ಮಳೆಗಾಲದ ಮಾತು ಬಂದಲ್ಲಿಗೆ ಮೊಬೈಲಿನ ವಿಚಾರ ಮುಗಿಯಿತು. ಹನಿ ಬಿದ್ದ ಪರದೆ ತನ್ನಷ್ಟಕ್ಕೆ ಒತ್ತಿಕೊಳ್ಳುತ್ತದೆ, ನಮ್ಮ ಒದ್ದೆ ಬೆರಳಿಗೆ ಮಾತ್ರ ಓಗೊಡುವುದಿಲ್ಲ. ಹೊಂಡಕ್ಕೆ ಇಳಿದಾಗ ಕೆಳಗೆ ಬಿದ್ದರೆ ಕಂಪ್ಯೂಟರಿಗಿಂತ ಹೆಚ್ಚಿನ ನಷ್ಟ. ನಿಮ್ಮ ಅಗತ್ಯಕ್ಕೆ ತಂತಿಯದ್ದೇ ಸಾಕು. ಸ್ಪೋಕಿಗೆ ಒಂದು ಅಯಸ್ಕಾಂತ, ಚಕ್ರವನ್ನು ಹಿಡಿದಿರುವ ಫೋರ್ಕಿಗೆ ಒಂದು ಸೆನ್ಸರ್. ಚಕ್ರದ ಸುತ್ತುಗಳನ್ನು ಎಣಿಸಿ ಸುತ್ತಳತೆಯಿಂದ ಗುಣಿಸುವುದಷ್ಟೇ ಅದರ ಕೆಲಸ. ಅಯಸ್ಕಾಂತಕ್ಕೂ ಸೆನ್ಸರಿಗೂ ನಡುವಿನ ಅಂತರ ಐದು ಮಿಲಿಮೀಟರಿನೊಳಗೆ ಇರಲಿ. ಮಲ್ಪೆಯ ಉಪ್ಪುಗಾಳಿಗೆ ಕಂಪ್ಯೂಟರ್ ಕೂರುವ ಹಿಡಿಕೆಯ ಲೋಹದ ಚುಕ್ಕಿಗಳು ಹಸಿರುಗಟ್ಟುವುದರಿಂದ, ಸವಾರಿ ಮುಗಿದ ಮೇಲೆ ಅವನ್ನು ಒಣಬಟ್ಟೆಯಿಂದ ಒರೆಸಿಡಿ.

ಉತ್ತರ 2 (ಮಂಗಳೂರು)

ಮೇಲಿನವರು ಸುತ್ತಳತೆಯ ಮಾತನ್ನು ಒಂದೇ ಪದದಲ್ಲಿ ದಾಟಿಸಿಬಿಟ್ಟರು. ನಾನು ಎಡವಿದ್ದು ಅಲ್ಲಿಯೇ. ನನ್ನದೂ 700×35ಸಿ ಟಯರ್. ಕಂಪ್ಯೂಟರಿನ ಕೈಪಿಡಿಯ ಕೋಷ್ಟಕದಲ್ಲಿ ಅದರ ಸುತ್ತಳತೆ 2168 ಮಿ.ಮೀ. ಎಂದಿದೆ, ಆದರೆ ಜೋಡಿಸಿಕೊಟ್ಟವರು ಕಂಪ್ಯೂಟರಿನಲ್ಲಿ 700×25ಸಿ ಟಯರಿನ 2105 ಅನ್ನೇ ಹಾಗೆ ಬಿಟ್ಟಿದ್ದರು. ಐವತ್ತು ಕಿಲೋಮೀಟರ್ ತುಳಿದರೆ ಸುಮಾರು ಒಂದೂವರೆ ಕಿಲೋಮೀಟರ್ ಲೆಕ್ಕಕ್ಕೇ ಬರುತ್ತಿರಲಿಲ್ಲ. ಕೋಷ್ಟಕಕ್ಕಿಂತ ಅಳತೆ ಮೇಲು. ಗಾಳಿ ಸರಿಯಾಗಿ ತುಂಬಿಸಿ, ಮುಂದಿನ ಟಯರ್ ನೆಲಕ್ಕೆ ತಾಗುವಲ್ಲಿ ಎರಡಕ್ಕೂ ಸೀಮೆಸುಣ್ಣದ ಗುರುತು ಹಾಕಿ, ನೀವು ಸೀಟಿನ ಮೇಲೆ ಕುಳಿತಿರುವಾಗಲೇ ಯಾರಾದರೂ ನೇರವಾಗಿ ಒಂದು ಸುತ್ತು ಉರುಳಿಸಿ, ಟಯರಿನ ಗುರುತು ಮತ್ತೆ ನೆಲ ಮುಟ್ಟುವಲ್ಲಿ ಇನ್ನೊಂದು ಗುರುತು ಹಾಕಲಿ. ನೆಲದ ಎರಡು ಗುರುತುಗಳ ನಡುವಿನ ಅಂತರವೇ ನಿಮ್ಮ ಸಂಖ್ಯೆ.

ಉತ್ತರ 3 (ಮಣಿಪಾಲ)

ನಾನು ಸ್ವಲ್ಪ ಬೇರೆ ಹೇಳುತ್ತೇನೆ. ಇಂದ್ರಾಳಿಯಿಂದ ಮಣಿಪಾಲಕ್ಕೆ ಏರುವ ಅಭ್ಯಾಸವಾದವರಿಗೆ ಏರಿನ ಪ್ರಮಾಣ ತಿಳಿಯುವ ಆಸೆಯೂ, ಮುಂದೆ ಆಗುಂಬೆಗೆ ಅಥವಾ ಹದಿಮೂರೂವರೆ ಗಂಟೆಯೊಳಗೆ ಮುಗಿಸಬೇಕಾದ 200 ಕಿಲೋಮೀಟರಿನ ‘ಬ್ರೆವೆ’ ಎಂಬ ದೂರದ ಸವಾರಿಗೆ ಹೋಗುವ ಆಸೆಯೂ ಹುಟ್ಟುತ್ತದೆ. ಆಗ ದಾರಿ ತೋರಿಸುವ ಜಿಪಿಎಸ್ ಬೇಕು. ಆದರೆ ಘಾಟಿಯ ದಟ್ಟ ಮರಗಳಡಿ ಅದು ತೋರಿಸುವ ವೇಗ ತಡವರಿಸುತ್ತದೆ. ಆದ್ದರಿಂದ ಚಕ್ರದ ಸೆನ್ಸರನ್ನು ಜೋಡಿಸಬಹುದಾದ, ಐಪಿಎಕ್ಸ್7 ಜಲರಕ್ಷಣೆಯಿರುವ (ಅಂದರೆ ಸ್ವಲ್ಪ ಹೊತ್ತು ನೀರಿನಲ್ಲಿ ಮುಳುಗಿದರೂ ತಾಳುವ) ಮಾದರಿಯನ್ನೇ ಆರಿಸಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದ. ಆಗುಂಬೆ ನನಗೆ ಇನ್ನೂ ದೂರ, ಹಾಗಾಗಿ ತಂತಿಯದ್ದನ್ನೇ ಕೊಳ್ಳುತ್ತೇನೆ. ಕೊಳ್ಳುವ ಮೊದಲೇ ಇಂದು ಸಂಜೆ ತಮ್ಮನನ್ನು ಕರೆದು ಅಂಗಳದಲ್ಲಿ ಅಳೆಸಿದೆ: 2150 ಬಂತು.