ಇಂಟರ್‌ಕೂಲರ್ ದಪ್ಪ ಇದ್ದಷ್ಟೂ ಒಳ್ಳೆಯದಾ? ಆಕ್ಟೇವಿಯಾ ವಿಆರ್‌ಎಸ್ ಮಾಲೀಕರ ಪ್ರಶ್ನೆ, ಟ್ಯೂನರ್ ಉತ್ತರ

ಪ್ರಶ್ನೆ: ನಮಸ್ಕಾರ ಸರ್. ನನ್ನದು 2020ರ ಸ್ಕೋಡಾ ಆಕ್ಟೇವಿಯಾ ವಿಆರ್‌ಎಸ್ 245. ಸ್ಟೇಜ್ 1 ರೀಮ್ಯಾಪ್ (ಪವರ್ ಏರಿಸಲು ಇಂಜಿನ್ ಕಂಪ್ಯೂಟರ್‌ನ ಸಾಫ್ಟ್‌ವೇರ್ ಬದಲಾವಣೆ) ಮಾಡಿಸಿದ್ದೇನೆ, ಬೇರೇನೂ ಮುಟ್ಟಿಲ್ಲ. ಓಡಾಟ ಎಲ್ಲ ಬೆಂಗಳೂರಲ್ಲೇ. ವರ್ಷಕ್ಕೆ ಎರಡು ಸಲ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈ ಟ್ರ್ಯಾಕ್‌ಗೆ ಹೋಗುತ್ತೇನೆ. ಅಲ್ಲಿ ಮೊದಲ ಎರಡು ಲ್ಯಾಪ್ ಗಾಡಿ ಹುಲಿ ತರ ಎಳೆಯುತ್ತದೆ. ಮೂರನೆಯದರಿಂದ ಪಿಕಪ್ ಇಳಿಯುತ್ತದೆ. ಒಂದು ಅಂಗಡಿಯವರು 100 ಎಂಎಂ ದಪ್ಪದ ಇಂಟರ್‌ಕೂಲರ್ (ಟರ್ಬೊದಿಂದ ಬರುವ ಬಿಸಿ ಗಾಳಿಯನ್ನು ತಣಿಸುವ ಸಾಧನ) ಹಾಕಿಸಿ, ಎಲ್ಲ ಸರಿಹೋಗುತ್ತದೆ ಅನ್ನುತ್ತಿದ್ದಾರೆ. ಹಾಕಿಸಲಾ?

ಉತ್ತರ: ನಮಸ್ಕಾರ. ಈಗಲೇ ದುಡ್ಡು ಕೊಡಬೇಡಿ. ನಿಮ್ಮ ಗಾಡಿಯ ಲಕ್ಷಣ ನೋಡಿದರೆ ಇಂಟರ್‌ಕೂಲರ್ ಬಿಸಿಯಾಗಿ ಸೋಲುತ್ತಿದೆ ಅಂತಲೇ ಅನಿಸುತ್ತದೆ. ಆದರೆ 100 ಎಂಎಂ ಅದಕ್ಕೆ ಮದ್ದಲ್ಲ.

ಒಳಗೆ ಏನಾಗುತ್ತದೆ ಹೇಳುತ್ತೇನೆ. ಟರ್ಬೊ ಇಂಜಿನ್‌ಗೆ ಹೋಗುವ ಗಾಳಿಯನ್ನು ಅದುಮಿದಾಗ ಗಾಳಿ ಕಾಯುತ್ತದೆ. ಚೆನ್ನೈಯಲ್ಲಿ ಹೊರಗೆ 38 ಡಿಗ್ರಿ ಇದೆ, ಗಾಳಿಯನ್ನು ಎರಡು ಪಟ್ಟು ಒತ್ತಡಕ್ಕೆ ಏರಿಸಿದಿರಿ, ಟರ್ಬೊ ಕಂಪ್ರೆಸರ್ ದಕ್ಷತೆ 70% ಅಂದುಕೊಳ್ಳಿ. ಆಗ ಅದರ ಬಾಯಿಂದ ಹೊರಗೆ ಬರುವ ಗಾಳಿ ಸುಮಾರು 135 ಡಿಗ್ರಿ. ಬೆಂಗಳೂರು ತಂಪು, ಇಲ್ಲಿ ಆ ತೊಂದರೆ ಇಲ್ಲ ಅಂತ ತುಂಬ ಜನ ಹೇಳುತ್ತಾರೆ. ಹಾಗಲ್ಲ. ನಾವು ಸಮುದ್ರ ಮಟ್ಟದಿಂದ 900 ಮೀಟರ್‌ಗೂ ಮೇಲಿದ್ದೇವೆ, ಗಾಳಿ ತೆಳು. ಅಷ್ಟೇ ಒತ್ತಡ ಕೊಡೋಕೆ ಟರ್ಬೊ ಸುಮಾರು 2.2 ಪಟ್ಟು ಅದುಮಬೇಕು. ಹೊರಗೆ 30 ಡಿಗ್ರಿ ಇದ್ದರೂ ಗಾಳಿ ಹೆಚ್ಚುಕಮ್ಮಿ ಅಷ್ಟೇ ಬಿಸಿಯಾಗಿ ಬರುತ್ತದೆ.

ಆ ಬಿಸಿಯನ್ನು ಇಂಟರ್‌ಕೂಲರ್ ತೆಗೆಯಬೇಕು. ತೆಗೆಯದಿದ್ದರೆ ಎರಡು ನಷ್ಟ. ಬಿಸಿ ಗಾಳಿ ತೆಳುವಾಗಿರುತ್ತದೆ: 65 ಡಿಗ್ರಿ ಗಾಳಿಯನ್ನು 45ಕ್ಕೆ ಇಳಿಸಿದರೆ ಅದೇ ಒತ್ತಡದಲ್ಲಿ ಸುಮಾರು 6% ಜಾಸ್ತಿ ಗಾಳಿ ಸಿಗುತ್ತದೆ. ಇದಕ್ಕಿಂತ ದೊಡ್ಡ ನಷ್ಟ ನಾಕ್, ಅಂದರೆ ಬಿಸಿಗೆ ಪೆಟ್ರೋಲ್ ಮಿಶ್ರಣ ಸಿಲಿಂಡರ್ ಒಳಗೆ ತಾನಾಗೇ ಹೊತ್ತಿ ಇಂಜಿನ್‌ಗೆ ಹೊಡೆತ ಬೀಳೋದು. ಇಂಜಿನ್ ನಾಕ್ ಆಗದಿರಲಿ ಅಂತ ಇಸಿಯು (ಇಂಜಿನ್ ಕಂಪ್ಯೂಟರ್) ಇಗ್ನಿಷನ್ ಟೈಮಿಂಗ್ ಹಿಂದಕ್ಕೆ ಎಳೆಯುತ್ತದೆ, ಅಂದರೆ ಕಿಡಿ ತಡವಾಗಿ ಕೊಡುತ್ತದೆ, ಪವರ್ ಇಳಿಯುತ್ತದೆ. ಮೂರನೇ ಲ್ಯಾಪ್‌ನಲ್ಲಿ ನಿಮಗೆ ಸಪ್ಪೆ ಅನಿಸೋದು ಅದಕ್ಕೇ. ಒಳ್ಳೆ ಇಂಟರ್‌ಕೂಲರ್ ಹೊಸದಾಗಿ ಪವರ್ ಹುಟ್ಟಿಸುವುದಕ್ಕಿಂತ ಜಾಸ್ತಿ, ಇರುವ ಪವರನ್ನು ಕೊನೇ ಲ್ಯಾಪ್‌ವರೆಗೂ ಉಳಿಸುತ್ತದೆ.

ಈಗ ದಪ್ಪದ ವಿಷಯ. ನಿಮ್ಮ ಗಾಡಿಯಲ್ಲಿ ಮುಂದೆ ಎಸಿ ಕಂಡೆನ್ಸರ್, ಅದರ ಹಿಂದೆ ಇಂಟರ್‌ಕೂಲರ್, ಅದರ ಹಿಂದೆ ರೇಡಿಯೇಟರ್. ಮೂರೂ ಒಂದರ ಬೆನ್ನಿಗೆ ಒಂದು. ಮಧ್ಯದ್ದು ವಿಪರೀತ ದಪ್ಪ ಆದರೆ ರೇಡಿಯೇಟರ್‌ಗೆ ಗಾಳಿ ಕಮ್ಮಿ, ಸಿಲ್ಕ್ ಬೋರ್ಡ್ ಜಾಮಿನಲ್ಲಿ ನಿಂತಾಗ ಎಸಿಯೂ ಸುಸ್ತು. ಅಲ್ಲದೆ ಇಂಟರ್‌ಕೂಲರ್‌ನ ಕೋರ್ (ಶಾಖ ಬಿಡುವ ಮುಖ್ಯ ಭಾಗ) ಇದೆಯಲ್ಲ, ಅದರ ಮುಂಭಾಗ ದಾಟುವಷ್ಟರಲ್ಲೇ ಹೊರಗಿನ ಗಾಳಿ ಬಿಸಿಯಾಗಿರುತ್ತದೆ. ಹಿಂಭಾಗ ಆ ಬಿಸಿ ಗಾಳಿಯಲ್ಲೇ ಕೆಲಸ ಮಾಡಬೇಕು. ಜಾಗ ಇದ್ದರೆ ಅಗಲ, ಎತ್ತರ ಜಾಸ್ತಿ ಮಾಡಿ, ಅದು ಲಾಭ. ದಪ್ಪ ಸ್ವಲ್ಪ ಹೆಚ್ಚಲಿ, ಸಾಕು. ಮುಂದಿನ ಬಂಪರ್ ಬೀಮ್ ಕತ್ತರಿಸಿ ಕೂರಿಸೋಣ ಅಂದರೆ ಗಾಡಿ ವಾಪಸ್ ತಗೊಂಡು ಬನ್ನಿ. ಡಿಕ್ಕಿಯಾದಾಗ ನಿಮ್ಮನ್ನು ಕಾಯುವ ಕಬ್ಬಿಣ ಅದು.

ಪ್ರಶ್ನೆ: ಹಾಗಾದರೆ ಏನು ನೋಡಿ ತಗೊಳ್ಳಲಿ? ಬಾರ್ ಅಂಡ್ ಪ್ಲೇಟ್ ಒಳ್ಳೆಯದು, ಟ್ಯೂಬ್ ಅಂಡ್ ಫಿನ್ ಬೇಡ ಅನ್ನುತ್ತಾರಲ್ಲ?

ಉತ್ತರ: ಎರಡೂ ಒಳ್ಳೆಯದೇ, ಕೆಲಸ ಬೇರೆ. ಬಾರ್ ಅಂಡ್ ಪ್ಲೇಟ್ ಅಂದರೆ ಪಟ್ಟಿ, ತಗಡು ಒಂದರ ಮೇಲೊಂದು ಜೋಡಿಸಿದ ಕೋರ್. ತೂಕ ಜಾಸ್ತಿ, ಗಟ್ಟಿ. ಲೋಹ ಜಾಸ್ತಿ ಇರೋದರಿಂದ ಒಂದೆರಡು ಜೋರು ಪುಲ್‌ಗಳ (ಪೂರ್ತಿ ಆಕ್ಸಿಲರೇಟರ್ ಒತ್ತಿದ ಓಟದ) ಬಿಸಿಯನ್ನು ಹೀರಿಕೊಂಡು ನಿಲ್ಲುತ್ತದೆ. ಡ್ರ್ಯಾಗ್ ರೇಸ್‌ಗೆ, ಸಿಗ್ನಲ್‌ನಿಂದ ಸಿಗ್ನಲ್‌ಗೆ ಅದು ಸರಿ. ಆದರೆ ಒಮ್ಮೆ ಕಾದರೆ ತಣ್ಣಗಾಗೋದು ನಿಧಾನ. ಟ್ಯೂಬ್ ಅಂಡ್ ಫಿನ್ ಅಂದರೆ ಕೊಳವೆಗಳ ನಡುವೆ ತೆಳು ತಗಡಿನ ಫಿನ್ ಇರುವ ಕೋರ್. ಹಗುರ, ಹೊರಗಿನ ಗಾಳಿ ಸಲೀಸಾಗಿ ದಾಟಿ ರೇಡಿಯೇಟರ್ ತಲುಪುತ್ತದೆ, ಬೇಗ ತಣ್ಣಗಾಗುತ್ತದೆ. 15–20 ನಿಮಿಷ ಟ್ರ್ಯಾಕ್ ಓಡಿಸುವ ನಿಮಗೆ ನಾನು ಒಳ್ಳೆ ಟ್ಯೂಬ್ ಅಂಡ್ ಫಿನ್ ಅನ್ನೇ ಹೇಳುತ್ತೇನೆ.

ಅಂಗಡಿಯಲ್ಲಿ ಮೊದಲು ಪ್ರೆಶರ್ ಡ್ರಾಪ್ ಎಷ್ಟು ಅಂತ ಕೇಳಿ. ಇಂಟರ್‌ಕೂಲರ್ ಒಳಗೆ ಹೋದ ಒತ್ತಡಕ್ಕೂ ಹೊರಬಂದ ಒತ್ತಡಕ್ಕೂ ಇರುವ ವ್ಯತ್ಯಾಸ ಅದು. ಒಂದು, ಒಂದೂವರೆ ಪಿಎಸ್‌ಐ ಒಳಗಿದ್ದರೆ ಚೆನ್ನ. ಮೂರು ನಾಲ್ಕಾದರೆ ಟರ್ಬೊ ಅಷ್ಟನ್ನೂ ತುಂಬಿಕೊಡಲು ಇನ್ನೂ ಜೋರಾಗಿ ತಿರುಗಬೇಕು, ಗಾಳಿ ಇನ್ನೂ ಕಾಯುತ್ತದೆ. ಯಾವ ಹರಿವಿನಲ್ಲಿ ಅಳೆದ ಸಂಖ್ಯೆ ಅಂತಲೂ ಕೇಳಿ. ವಾಗ್ನರ್, ಎಪಿಆರ್, ಡು88 ಮೂವರೂ ನಿಮ್ಮ ಎಂಕ್ಯೂಬಿ ಪ್ಲಾಟ್‌ಫಾರ್ಮ್‌ಗೆ (ಫೋಕ್ಸ್‌ವ್ಯಾಗನ್ ಗುಂಪಿನ ಹಲವು ಗಾಡಿಗಳ ಸಾಮಾನ್ಯ ಅಡಿಪಾಯ) ಇಂಟರ್‌ಕೂಲರ್ ಮಾಡುತ್ತಾರೆ. ಯಾರದ್ದೇ ಆಗಲಿ, ಪರೀಕ್ಷೆಯ ಅಂಕಿ ಕೈಗಿಟ್ಟವರನ್ನು ನಂಬಿ.

ಆಮೇಲೆ ಪೈಪ್ ಬಾಯಿಗೆ ಟಾರ್ಚ್ ಹಾಕಿ ಒಳಗೆ ನೋಡಿ. ಕಳೆದ ವರ್ಷ ಒಬ್ಬರು ಅಗ್ಗದ ನಕಲು ಮಾಲು ತಂದಿದ್ದರು. ಹೊರಗೆ ಬೆಸುಗೆ ಚಂದ. ಒಳಗೆ ನೋಡಿದರೆ ಎಂಡ್ ಟ್ಯಾಂಕ್‌ನ (ಕೋರ್‌ನ ತುದಿಯ ಡಬ್ಬಿಯ) ಬೆಸುಗೆ ಬೇಳೆ ಕಾಳಿನ ಗಾತ್ರಕ್ಕೆ ಗಂಟುಗಂಟಾಗಿ ನಿಂತಿತ್ತು. ಅಲ್ಲಾಡಿಸಿದಾಗ ಅಲ್ಯೂಮಿನಿಯಂ ಚೂರು ಕೈಗೆ ಬಿತ್ತು. ಅದು ಇಂಜಿನ್ ಒಳಗೆ ಹೋದರೆ ಪಿಸ್ಟನ್ ಗತಿ? ಅದಕ್ಕೇ ಹೊಸದನ್ನೂ ತೊಳೆದು, ಪೂರ್ತಿ ಒಣಗಿಸಿಯೇ ಕೂರಿಸುತ್ತೇನೆ. ದುಬಾರಿ ಮಾಲಾದರೂ ಸರಿ. ಕೂರಿಸಿದ ಮೇಲೆ ಲೀಕ್ ಟೆಸ್ಟ್ ಮಾಡಿಸಿ. ಇನ್ಶೂರೆನ್ಸ್ ಕಂಪನಿಗೂ ಬರಹದಲ್ಲಿ ತಿಳಿಸಿ.

ಇನ್ನೊಬ್ಬರ ಪ್ರಶ್ನೆ: ಅಣ್ಣ, ನನ್ನದು ಪೋಲೋ 1.0 ಟಿಎಸ್‌ಐ. ಇದಕ್ಕೂ ಮುಂದೆ ದೊಡ್ಡದು ಹಾಕಬಹುದಾ?

ಉತ್ತರ: ಬೇಡಪ್ಪ. ನಿಮ್ಮ ಗಾಡಿಯಲ್ಲಿ ಗಾಳಿಯಿಂದ ತಣಿಯುವ ಇಂಟರ್‌ಕೂಲರ್ ಇಲ್ಲ. ಇನ್‌ಟೇಕ್ ಮ್ಯಾನಿಫೋಲ್ಡ್ ಒಳಗೇ ಸೇರಿಸಿದ್ದಾರೆ, ಕೂಲಂಟ್ ಹರಿದು ತಣಿಸುತ್ತದೆ. ಅದರ ಕೂಲಂಟ್ ಮಟ್ಟ, ಪಂಪ್, ಮುಂದಿನ ಚಿಕ್ಕ ರೇಡಿಯೇಟರ್ ಸರಿ ಇವೆಯಾ ನೋಡಿಸಿ, ಸಾಕು.

ಮತ್ತೊಬ್ಬರು, ಸಿಯಾಟಲ್‌ನಿಂದ: ನನ್ನದು 2018ರ ಸುಬಾರು ಡಬ್ಲ್ಯುಆರ್‌ಎಕ್ಸ್. ಇಂಟರ್‌ಕೂಲರ್ ಇಂಜಿನ್ ಮೇಲೇ ಇದೆ. ಮುಂದಕ್ಕೆ ತರೋದು ಒಳ್ಳೆಯದಾ?

ಉತ್ತರ: ದಿನದ ಓಡಾಟಕ್ಕಾದರೆ ಮೇಲೇ ಇರಲಿ, ಸ್ವಲ್ಪ ದೊಡ್ಡದು ಹಾಕಿ. ಪೈಪ್ ಗಿಡ್ಡ, ಥ್ರಾಟಲ್ ಒತ್ತಿದ ತಕ್ಷಣ ಉತ್ತರ ಬರುತ್ತದೆ. ಸಿಗ್ನಲ್‌ನಲ್ಲಿ ನಿಂತಾಗ ಇಂಜಿನ್ ಶಾಖಕ್ಕೆ ಕಾಯುವುದು ಮಾತ್ರ ಅದರ ಕೊರತೆ. ದೊಡ್ಡ ಟರ್ಬೊ ಹಾಕಿದ್ದರೆ, ಟ್ರ್ಯಾಕ್ ಜಾಸ್ತಿ ಇದ್ದರೆ ಮುಂದಕ್ಕೆ ತನ್ನಿ. ಆಗ ಟ್ಯೂನ್ ಕೂಡ ಹೊಸದಾಗಿ ಮಾಡಿಸಬೇಕು.

ಮೊದಲ ಪ್ರಶ್ನೆ ಕೇಳಿದವರು, ಐದು ವಾರದ ನಂತರ: ಸರ್, ಟ್ರ್ಯಾಕ್‌ನಲ್ಲಿ ಒಬಿಡಿ ರೀಡರ್ (ಗಾಡಿಯ ಕಂಪ್ಯೂಟರ್‌ನ ಅಂಕಿ ಓದುವ ಸಾಧನ) ಹಾಕಿ ಇನ್‌ಟೇಕ್ ಗಾಳಿಯ ತಾಪ ಬರೆದುಕೊಂಡೆ. ಹೊರಗೆ 34 ಡಿಗ್ರಿ. ಉದ್ದ ಸ್ಟ್ರೈಟ್‌ನ ಕೊನೆಯಲ್ಲಿ ಒಂದನೇ ಲ್ಯಾಪ್ 47, ಎರಡು 58, ಮೂರು 69. ವಾಪಸ್ ಬಂದು ಬಂಪರ್ ಬಿಚ್ಚಿಸಿದೆ. ಎಡಗಡೆಯ ಪ್ಲಾಸ್ಟಿಕ್ ಏರ್ ಗೈಡ್ ಇಲ್ಲವೇ ಇಲ್ಲ! ಹಿಂದೆ ಬಂಪರ್ ಪೇಂಟ್ ಮಾಡಿಸಿದಾಗ ಹಾಕೋದು ಬಿಟ್ಟಿದ್ದಾರೆ.

ಉತ್ತರ: ಬಿಚ್ಚಿ ನೋಡಿದ್ದು ತುಂಬ ಒಳ್ಳೆಯದಾಯಿತು. ಗಾಳಿ ಯಾವಾಗಲೂ ಸುಲಭದ ದಾರಿ ಹುಡುಕುತ್ತದೆ. ಪಕ್ಕದಲ್ಲಿ ಸಂದಿ ಸಿಕ್ಕರೆ ಕೋರ್ ಒಳಗೆ ಯಾಕೆ ನುಗ್ಗುತ್ತದೆ? ಮೊದಲು ಕಂಪನಿಯ ಏರ್ ಗೈಡ್ ತರಿಸಿ ಹಾಕಿಸಿ. ಅಂಚಿನ ಸಂದಿಗಳಿಗೆ ದಟ್ಟ ಫೋಮ್ ಪಟ್ಟಿ ಅಂಟಿಸಿ. ಕಂಡೆನ್ಸರ್‌ನ ಫಿನ್‌ಗಳಲ್ಲಿ ಧೂಳು, ಹುಳ ಕೂತಿದ್ದರೆ ಕಮ್ಮಿ ಒತ್ತಡದ ನೀರಲ್ಲಿ ತೊಳೆಯಿರಿ, ಪ್ರೆಶರ್ ವಾಷರ್ ಹಿಡಿದರೆ ಫಿನ್ ಮಡಚುತ್ತವೆ. ಮುಂದಿನ ಸಲ ಅದೇ ಪೆಟ್ರೋಲ್ ಹಾಕಿ, ಅದೇ ಜಾಗದಲ್ಲಿ ತಾಪ ನೋಡಿ. ಮೂರನೇ ಲ್ಯಾಪ್‌ನಲ್ಲಿ ಹೊರಗಿನದ್ದಕ್ಕಿಂತ 20 ಡಿಗ್ರಿ ಒಳಗೆ ನಿಂತರೆ ಇರುವುದನ್ನೇ ಇಟ್ಟುಕೊಳ್ಳಿ. ಆಗಲೂ 30 ದಾಟಿದರೆ ಆ ಲಾಗ್ ಕಳಿಸಿ, ಯಾವ ಕೋರ್ ಅಂತ ಕೂತು ನೋಡೋಣ.