ಜೂನ್‌ನಲ್ಲಿ ಹೆಸರು ಹಚ್ಚುತ್ತಾರೆ, ದೀಪಾವಳಿ ಆದ ಮೇಲೆ ಮಕ್ಕಳೇ ಇರಲ್ಲ. ಏನು ಮಾಡೋದು?

ಗುರುಮಠಕಲ್_ಸೀಮೆ:
ಎಲ್ಲರಿಗೂ ನಮಸ್ಕಾರ. ನಾನು ಯಾದಗಿರಿ ಜಿಲ್ಲೆಯವನು, ಗುರುಮಠಕಲ್ ಕಡೆ ಒಂದು ಹಳ್ಳಿ. ಈ ಸಲ ನಮ್ಮೂರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಎಸ್‌ಡಿಎಂಸಿಗೆ (ಪಾಲಕರೂ ಇರುವ ಶಾಲಾಭಿವೃದ್ಧಿ ಸಮಿತಿ) ನನ್ನನ್ನೂ ಹಾಕಿದ್ದಾರೆ. ಜೂನ್‌ನಲ್ಲಿ ದಾಖಲಾತಿ ಆಂದೋಲನ ಅಂತ ಜಾಥಾ ತೆಗೆದೆವು, ಡೊಳ್ಳು ಬಾರಿಸಿದೆವು, ಒಂದನೇ ಕ್ಲಾಸಿನ ಮಕ್ಕಳಿಗೆ ಗುಲಾಬಿ ಹೂ ಕೊಟ್ಟೆವು. ಹೆಸರು ಹಚ್ಚೋದಿಲ್ಲ ಅಂತ ಯಾವ ಮನೆಯವರೂ ಅನ್ನಲಿಲ್ಲ. ಆದರೆ ದೀಪಾವಳಿ ಮುಗಿದದ್ದೇ ತಡ, ಮನೆಗೆ ಮನೆಯೇ ಕೂಲಿ ಹುಡುಕಿಕೊಂಡು ಗುಳೆ ಹೋಗುತ್ತದೆ. ಹೈದರಾಬಾದು, ಮುಂಬೈ, ಬೆಂಗಳೂರು. ಮಕ್ಕಳೂ ಜೊತೆಗೆ. ಹಾಜರಿ ಪುಸ್ತಕದಲ್ಲಿ ಹೆಸರು ಇದೆ, ಬೆಂಚಿನ ಮೇಲೆ ಮಗು ಇಲ್ಲ.

ಇನ್ನೊಂದು, ಏಳನೇ ಕ್ಲಾಸ್ ಮುಗಿಸಿದ ಹುಡುಗಿಯರಲ್ಲಿ ಸುಮಾರು ಜನ ಎಂಟಕ್ಕೆ ಹೋಗುವುದೇ ಇಲ್ಲ. ಹೈಸ್ಕೂಲು ಪಕ್ಕದ ಊರಲ್ಲಿದೆ.

ಮೀಟಿಂಗಿನಲ್ಲಿ ಕೇಳಿದರೆ ಒಂದೇ ಉತ್ತರ: "ಪಾಲಕರಿಗೆ ತಿಳಿವಳಿಕೆ ಇಲ್ಲ." ನನಗೆ ಇದು ಪೂರ್ತಿ ನಿಜ ಅನ್ನಿಸುತ್ತಿಲ್ಲ. ಈ ಕೆಲಸ ಮಾಡಿದವರು, ಇದನ್ನೇ ಅನುಭವಿಸಿದವರು ಇದ್ದರೆ ಹೇಳಿ. ನಮ್ಮ ಕೈಯಲ್ಲಿ ದುಡ್ಡು ಜಾಸ್ತಿ ಇಲ್ಲ, ಅದನ್ನೂ ನೆನಪಿಟ್ಟುಕೊಂಡು ಹೇಳಿ.

ನಿವೃತ್ತ_ಮಾಸ್ತರ್:
ತಿಳಿವಳಿಕೆ ಇಲ್ಲ ಅನ್ನುವ ಮಾತನ್ನು ಮೊದಲು ಬದಿಗಿಡಿ ತಮ್ಮಾ. ಸುಮ್ನೆ ತಪ್ಪಿಸಿಕೊಳ್ಳುವುದಕ್ಕೆ ಹೇಳುವ ಮಾತು ಅದು. 2011ರ ಜನಗಣತಿಯಲ್ಲಿ ನಮ್ಮ ಯಾದಗಿರಿ ಇಡೀ ರಾಜ್ಯಕ್ಕೇ ಕೊನೆ, ಸಾಕ್ಷರತೆ 51.83 ಪರ್ಸೆಂಟು, ಹೆಂಗಸರದ್ದಂತೂ 41ರ ಆಸುಪಾಸು. ಅಂದರೆ ಈಗಿನ ಎಷ್ಟೋ ತಾಯಂದಿರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಹೋಮ್‌ವರ್ಕ್ ನೋಡಲು ಆಗುವುದಿಲ್ಲ, ಮೀಟಿಂಗಿಗೆ ಬಂದರೆ ಹಿಂದೆ ಕೂರುತ್ತಾರೆ, ಅದು ಬೇರೆ ಮಾತು. ಮಗ ಓದಲಿ ಅನ್ನುವ ಆಸೆ ಮಾತ್ರ ನಿಮಗಿಂತ ನನಗಿಂತ ಅವರಿಗೇ ಜಾಸ್ತಿ.

2002ರಲ್ಲಿ ಬಿಸಿಯೂಟ ರಾಜ್ಯದಲ್ಲಿ ಮೊದಲು ಶುರುವಾದದ್ದು ನಮ್ಮ ಈ ಭಾಗದ ಏಳು ಜಿಲ್ಲೆಗಳಲ್ಲಿ. ಆಗ ಯಾದಗಿರಿ ಇನ್ನೂ ಕಲಬುರಗಿ ಜಿಲ್ಲೆಯೊಳಗೇ ಇತ್ತು. ಅನ್ನ ಸಾರು ಬಂದ ಮೇಲೆ ಮಧ್ಯಾಹ್ನದ ಹಾಜರಿ ಹೇಗೆ ನಿಂತಿತು ಅನ್ನುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. 2021ರ ಕೊನೆಗೆ ಮೊಟ್ಟೆ ಕೊಡಲು ಶುರು ಮಾಡಿದ್ದೂ ಈ ಕಡೆಯಿಂದಲೇ. ಊಟ ಮಗುವನ್ನು ಶಾಲೆಗೆ ಕರೆತರುತ್ತದೆ, ಅದರಲ್ಲಿ ಅನುಮಾನವೇ ಇಲ್ಲ. ಆದರೆ ಊರು ಬಿಟ್ಟು ಹೋಗುವ ಮಗುವನ್ನು ಅದು ಹಿಡಿದು ನಿಲ್ಲಿಸುವುದಿಲ್ಲ.

ಗುಳೆ ವಿಷಯಕ್ಕೆ ಬರೋಣ. ಕೂಲಿಗೆ ಜನ ಕರೆದೊಯ್ಯುವ ಮೇಸ್ತ್ರಿ ಗಂಡ ಹೆಂಡತಿ ಇಬ್ಬರಿಗೂ ಸೇರಿಸಿ ಮುಂಗಡ ಕೊಟ್ಟಿರುತ್ತಾನೆ, ಇಬ್ಬರೂ ಹೋಗಲೇಬೇಕು. ಮಗುವನ್ನು ಯಾರ ಹತ್ತಿರ ಬಿಡಬೇಕು? ಮನೆಯಲ್ಲಿ ಗಟ್ಟಿಮುಟ್ಟಾದ ಅಜ್ಜಿ ಇದ್ದರೆ ಮಗು ಊರಲ್ಲೇ ಉಳಿಯುತ್ತದೆ, ಇಲ್ಲದಿದ್ದರೆ ಹೋಗುತ್ತದೆ. ನನ್ನ ಅನುಭವದಲ್ಲಿ ಲೆಕ್ಕ ಇಷ್ಟೇ. ಹಾಗಾಗಿ ನೀವು ಜೂನ್‌ನಲ್ಲಿ ಡೊಳ್ಳು ಬಾರಿಸುವುದಕ್ಕಿಂತ ದಸರಾ ರಜೆಗೆ ಮೊದಲೇ ಯಾವ ಮನೆ ಹೋಗುತ್ತದೆ, ಯಾವ ಮನೆಯಲ್ಲಿ ಅಜ್ಜಿ ಇದ್ದಾಳೆ, ಯಾವ ಮಗುವಿಗೆ ಯಾರೂ ಇಲ್ಲ ಅಂತ ಓಣಿ ಓಣಿ ತಿರುಗಿ ಪಟ್ಟಿ ಮಾಡಿ. ಯಾರೂ ಇಲ್ಲದ ಮಕ್ಕಳಿಗೆ ಸೀಸನಲ್ ಹಾಸ್ಟೆಲ್ ಕೇಳಿ, ಅಂದರೆ ಗುಳೆ ಹೋಗುವ ತಿಂಗಳುಗಳಲ್ಲಿ ಮಾತ್ರ ನಡೆಯುವ ಹಾಸ್ಟೆಲ್. ಸರ್ಕಾರದ ಸಮಗ್ರ ಶಿಕ್ಷಣ ಯೋಜನೆಯ ಅಡಿಯಲ್ಲಿ ಅದಕ್ಕೆ ಅವಕಾಶ ಇದೆ. ಪಟ್ಟಿ ಹಿಡಿದು ಸಿಆರ್‌ಪಿ (ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಸಂಪನ್ಮೂಲ ವ್ಯಕ್ತಿ) ಮೂಲಕ ಬಿಇಒ, ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿ ಆಫೀಸಿಗೆ ಹೋಗಿ. ಪಟ್ಟಿ ಇಲ್ಲದೆ ಬರಿಗೈಯಲ್ಲಿ ಹೋದರೆ "ನೋಡೋಣ" ಅನ್ನುತ್ತಾರೆ, ಆ ನೋಡೋಣದಲ್ಲಿ ಯುಗಾದಿ ಬಂದಿರುತ್ತದೆ.

ತಾಂಡಾದ_ಹುಡುಗಿ:
ಮಾಸ್ತರ್ ಸರಿಯಾಗಿ ಹೇಳಿದ್ದಾರೆ. ನಾನು ಹುಡುಗಿಯರ ಬಗ್ಗೆ ಹೇಳುತ್ತೇನೆ, ಯಾಕೆಂದರೆ ನಮ್ಮ ತಾಂಡಾದಲ್ಲಿ ನನ್ನ ವಾರಗೆಯವರಲ್ಲಿ ಹೈಸ್ಕೂಲು ಮುಗಿಸಿದವರು ಬೆರಳೆಣಿಕೆ.

ಒಂದು ವಿಚಿತ್ರ ನೋಡಿ. ಶಿಕ್ಷಣ ಹಕ್ಕು ಕಾಯ್ದೆ 2010ರಿಂದ ಜಾರಿಯಲ್ಲಿದೆ, ಅದರ ಪ್ರಕಾರ ಒಂದರಿಂದ ಎಂಟರವರೆಗೆ ಒಂದೇ ಹಂತ. ಆದರೆ ನಮ್ಮ ರಾಜ್ಯದಲ್ಲಿ ಹೆಚ್ಚಿನ ಹಿರಿಯ ಪ್ರಾಥಮಿಕ ಶಾಲೆಗಳು ಏಳಕ್ಕೇ ನಿಲ್ಲುತ್ತವೆ. ಎಂಟಕ್ಕೆ ಟಿಸಿ (ವರ್ಗಾವಣೆ ಪತ್ರ) ತೆಗೆದುಕೊಂಡು ಬೇರೆ ಊರಿಗೆ ಹೋಗಬೇಕು. ಸರಿಯಾಗಿ ಹುಡುಗಿ ದೊಡ್ಡವಳಾಗುವ ವಯಸ್ಸು ಅದು. ಅಪ್ಪ ಅವ್ವನಿಗೆ ಕಿಲೋಮೀಟರಿನ ಚಿಂತೆ ಅಲ್ಲ, ದಾರಿಯ ಚಿಂತೆ. ನಡುವೆ ಹೊಲ, ಜಾಲಿಗಿಡ, ಸಂಜೆ ಕತ್ತಲು. ಒಬ್ಬ ಹುಡುಗ ಹಿಂದೆ ಬಂದ ಅಂತ ಸುದ್ದಿಯಾದರೆ ಸಾಕು, ಶಾಲೆ ಬಿಡಿಸುತ್ತಾರೆ, ಮದುವೆ ಮಾತು ಶುರುವಾಗುತ್ತದೆ. ಹುಡುಗನಿಗೆ ಯಾರೂ ಏನೂ ಅನ್ನುವುದಿಲ್ಲ, ಬಿಡಿ.

2023ರ ಜೂನ್‌ನಿಂದ ನಮಗೆ ಬಸ್ಸು ಫ್ರೀ. ಒಳ್ಳೆಯದೇ. ಆದರೆ ಶಾಲೆ ಬಿಡುವ ಹೊತ್ತಿಗೆ ಬಸ್ಸೇ ಇಲ್ಲದಿದ್ದರೆ ಫ್ರೀ ಟಿಕೆಟ್ ತಗೊಂಡು ಏನು ಮಾಡಬೇಕು? ಟಂಟಂ ಹತ್ತಬೇಕು, ಅದಕ್ಕೆ ದುಡ್ಡು, ಅದರಲ್ಲಿ ಗಂಡಸರ ನಡುವೆ ಒತ್ತಿಕೊಂಡು ಕೂರಬೇಕು. ಎಂಟನೇ ಕ್ಲಾಸಿಗೆ ಸೈಕಲ್ ಕೊಡುತ್ತಿದ್ದರಲ್ಲ, ಅದರಿಂದ ನಮಗೆ ಆದ ಉಪಕಾರ ದೊಡ್ಡದು. ಒಬ್ಬಳೇ ಹೋಗಲ್ಲ ಅಂದವರು ಏಳೆಂಟು ಜನ ಸಾಲಾಗಿ ಸೈಕಲ್ ತುಳಿದುಕೊಂಡು ಹೋಗುತ್ತಿದ್ದೆವು. ಗುಂಪು ಇದ್ದರೆ ಮನೆಯವರೂ ಬಿಡುತ್ತಾರೆ. ನಿಮ್ಮ ಎಸ್‌ಡಿಎಂಸಿ ಮಾಡಬಹುದಾದ ಕೆಲಸ ಅಂದರೆ ಡಿಪೋ ಮ್ಯಾನೇಜರ್‌ಗೆ ಅರ್ಜಿ ಕೊಟ್ಟು ಸಂಜೆ ಬಸ್ಸಿನ ಟೈಮು ಬದಲಾಯಿಸುವುದು. ಒಂದು ಪೈಸೆ ಖರ್ಚಿಲ್ಲ. ಅರ್ಜಿಗೆ ಪಂಚಾಯಿತಿ ಠರಾವು ಲಗತ್ತಿಸಿ.

ಮತ್ತೆ ಮೊರಾರ್ಜಿ ಶಾಲೆ, ಸರ್ಕಾರದ ವಸತಿ ಶಾಲೆ. ಅದಕ್ಕೆ ಆರನೇ ಕ್ಲಾಸಿಗೆ ಪ್ರವೇಶ, ಪರೀಕ್ಷೆ ಐದರಲ್ಲಿದ್ದಾಗಲೇ ಬರೆಯಬೇಕು. ಏಳು ಮುಗಿದ ಮೇಲೆ ಹಾಸ್ಟೆಲ್ ಸೀಟು ಹುಡುಕಿಕೊಂಡು ಓಡಾಡುವವರೇ ಜಾಸ್ತಿ. ಐದನೇ ಕ್ಲಾಸಿನ ಅವ್ವಂದಿರಿಗೆ ಈಗಲೇ ಹೇಳಿ, ಜಾತಿ ಆದಾಯ ಸರ್ಟಿಫಿಕೇಟ್ ಮಾಡಿಸಿಡಲಿ.

ಸೈಟ್_ಸೂಪರ್‌ವೈಸರ್_ಬೆಂಗಳೂರು:
ನಾನು ಇನ್ನೊಂದು ತುದಿಯಿಂದ ಹೇಳುತ್ತೇನೆ. ರಾಯಚೂರು, ಯಾದಗಿರಿ, ಕಲಬುರಗಿ ಮಂದಿ ನಮ್ಮ ಸೈಟಿನ ಶೆಡ್ಡಿಗೆ ಬರುತ್ತಾರೆ. ಮಕ್ಕಳು ಮರಳು ರಾಶಿ ಮೇಲೆ ಆಡಿಕೊಂಡು ಇರುತ್ತವೆ, ಎಂಟು ಒಂಬತ್ತು ವರ್ಷದ ಹುಡುಗಿ ತಮ್ಮನನ್ನು ಸೊಂಟದ ಮೇಲೆ ಹೊತ್ತುಕೊಂಡು ತಿರುಗುತ್ತಾಳೆ. ಸರ್ಕಾರಿ ಕನ್ನಡ ಶಾಲೆ ಹತ್ತಿರದಲ್ಲೇ ಇದ್ದರೂ ಸೇರಿಸಲು ಹೋದರೆ ಟಿಸಿ ಎಲ್ಲಿ, ಆಧಾರ್ ಎಲ್ಲಿ ಅಂತ ಕೇಳುತ್ತಾರೆ. ಕೂಲಿ ಬಿಟ್ಟು ಎರಡನೇ ಸಲ ಯಾರು ಹೋಗುತ್ತಾರೆ? ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಟಿಸಿ ತಡವಾಯಿತು ಅಂತಾಗಲಿ, ವಯಸ್ಸಿನ ದಾಖಲೆ ಇಲ್ಲ ಅಂತಾಗಲಿ ಮಗುವನ್ನು ವಾಪಸ್ ಕಳಿಸುವ ಹಾಗಿಲ್ಲ ಅಂತ ಸ್ಪಷ್ಟವಾಗಿ ಇದೆ. ಅದನ್ನು ಕೌಂಟರಿನಲ್ಲಿ ನಿಂತು ಹೇಳುವ ಧೈರ್ಯ ಆ ತಾಯಿಗೆ ಎಲ್ಲಿಂದ ಬರಬೇಕು.

ನೀವು ಇಷ್ಟು ಮಾಡಿ. ಊರು ಬಿಡುವ ಮುಂಚೆ ಒಂದು ಚೀಟಿಯಲ್ಲಿ ಮಗುವಿನ ಹೆಸರು, ಕ್ಲಾಸು, ಸ್ಯಾಟ್ಸ್ ನಂಬರ್ (ರಾಜ್ಯದ ಶಾಲಾ ಆನ್‌ಲೈನ್ ದಾಖಲೆಯಲ್ಲಿ ಪ್ರತಿ ಮಗುವಿಗೂ ಇರುವ ನಂಬರ್), ಹೆಡ್‌ಮಾಸ್ಟರ್ ಸಹಿ ಹಾಕಿಸಿ ಕೊಡಿ. ಆ ನಂಬರ್ ಇದ್ದರೆ ಇಲ್ಲಿಯ ಶಾಲೆಯವರಿಗೂ ಹುಡುಕಲು ಸುಲಭ. ಹೈದರಾಬಾದಿಗೆ ಹೋಗುವವರಿಗೆ ಮಾತ್ರ ಇದು ಉಪಯೋಗಕ್ಕೆ ಬರುವುದಿಲ್ಲ, ಅಲ್ಲಿ ತೆಲುಗು. ಆ ಮಕ್ಕಳನ್ನು ಊರಲ್ಲೇ ಉಳಿಸಿಕೊಳ್ಳುವುದು ಮೇಲು.

ಜೋಳದರೊಟ್ಟಿ:
ಎಲ್ಲರೂ ಬಡತನ, ಗುಳೆ, ಬಸ್ಸು ಅಂತಲೇ ಹೇಳುತ್ತಿದ್ದೀರಿ. ಶಾಲೆಯೊಳಗೆ ಏನಿದೆ ಅಂತ ಯಾರೂ ಮಾತಾಡುತ್ತಿಲ್ಲ ಅಲ್ವಾ? ನಾನೂ ಒಕ್ಕಲುತನದವನೇ, ಸಾಲ ಮಾಡಿ ಮಗನನ್ನು ಖಾಸಗಿ ಇಂಗ್ಲಿಷ್ ಮೀಡಿಯಂಗೆ ಹಾಕಿದ್ದೇನೆ, ಬೆಳಗಾದರೆ ವ್ಯಾನ್ ಬರುತ್ತದೆ. ಇಂಗ್ಲಿಷ್ ಹುಚ್ಚು ಅನ್ನಬೇಡಿ. ನಮ್ಮೂರ ಶಾಲೆಯಲ್ಲಿ ಮೂರು ಕ್ಲಾಸು ಒಂದೇ ಕೋಣೆಯಲ್ಲಿ, ಕಾಯಂ ಮಾಸ್ತರ್ ಒಬ್ಬರೇ. ಅವರೂ ಗಣತಿ, ಚುನಾವಣೆ, ತರಬೇತಿ ಅಂತ ಹೊರಗೆ. ಅತಿಥಿ ಶಿಕ್ಷಕರು ಬರುವಷ್ಟರಲ್ಲಿ ಮಳೆಗಾಲ ಅರ್ಧ ಮುಗಿದಿರುತ್ತದೆ. ನಾಲ್ಕು ವರ್ಷ ಹೋಗಿ ಬಂದ ಮಗುವಿಗೆ ಪೇಪರ್ ಓದಲು ಬರದಿದ್ದರೆ, ಹತ್ತಿ ಬಿಡಿಸಲು ಹೋದರೆ ಕೂಲಿಯಾದರೂ ಬರುತ್ತದೆ ಅಂತ ಅಪ್ಪ ಲೆಕ್ಕ ಹಾಕುವುದು ತಪ್ಪಾ? ಶಿಕ್ಷಣ ಹಕ್ಕು ಕಾಯ್ದೆಯಡಿ ಖಾಸಗಿ ಶಾಲೆಯಲ್ಲಿ ಕೊಡುವ ಉಚಿತ ಆರ್‌ಟಿಇ ಸೀಟಾದರೂ ಸಿಗಬಹುದು ಅಂದುಕೊಂಡರೆ, 2019ರಲ್ಲಿ ನಿಯಮ ಬದಲಾಯಿತು. ಹತ್ತಿರ ಸರ್ಕಾರಿ ಶಾಲೆ ಇದ್ದರೆ ಖಾಸಗಿಯಲ್ಲಿ ಆ ಸೀಟು ಇಲ್ಲ.

ನಿವೃತ್ತ_ಮಾಸ್ತರ್:
ಜೋಳದರೊಟ್ಟಿಯವರ ಸಿಟ್ಟು ನ್ಯಾಯವಾದದ್ದೇ. ಆದರೆ ವ್ಯಾನಿಗೆ ದುಡ್ಡು ಕೊಡುವ ತಾಕತ್ತಿದ್ದವರೆಲ್ಲ ಹೊರಟ ಮೇಲೆ ಉಳಿದದ್ದು ಕೇಳುವವರೇ ಇಲ್ಲದ ಮಕ್ಕಳು. ದಾಖಲಾತಿ ಕಡಿಮೆಯಾದರೆ ಶಿಕ್ಷಕರ ಹುದ್ದೆಯೂ ಕಡಿಮೆಯಾಗುತ್ತದೆ, ಆಗ ಇನ್ನಷ್ಟು ಜನ ಹೋಗುತ್ತಾರೆ. ಎಸ್‌ಡಿಎಂಸಿಗೆ ಕಾಯಂ ಶಿಕ್ಷಕರನ್ನು ತರುವ ಅಧಿಕಾರ ಇಲ್ಲ, ನಿಜ. ಖಾಲಿ ಹುದ್ದೆ ಎಷ್ಟು ಅಂತ ಬರವಣಿಗೆಯಲ್ಲಿ ಕೇಳುವ ಅಧಿಕಾರ ಇದೆ.

ಗುರುಮಠಕಲ್_ಸೀಮೆ:
ಎಲ್ಲರಿಗೂ ಧನ್ಯವಾದ. ಪಟ್ಟಿ ಮತ್ತು ಚೀಟಿ, ಎರಡನ್ನೂ ಈ ವಾರವೇ ಶುರು ಮಾಡುತ್ತೇವೆ. ಒಂದು ಪ್ರಶ್ನೆ ಉಳಿಯಿತು. ತಮ್ಮ ತಂಗಿಯನ್ನು ನೋಡಿಕೊಳ್ಳಲು ಮನೆಯಲ್ಲೇ ಉಳಿಯುವ ಹುಡುಗಿಯರು ನಮ್ಮಲ್ಲೂ ಇದ್ದಾರೆ, ಅದೂ ಗುಳೆ ಹೋಗದ ಮನೆಗಳಲ್ಲಿ. ಅವರಿಗೆ ಏನು ಮಾಡಬಹುದು?

ತಾಂಡಾದ_ಹುಡುಗಿ:
ನಿಮ್ಮ ಪಂಚಾಯಿತಿಯಲ್ಲಿ ಕೂಸಿನ ಮನೆ ಇದೆಯಾ ಕೇಳಿ ಅಣ್ಣಾ. ಸರ್ಕಾರದ ಉದ್ಯೋಗ ಖಾತ್ರಿ ಕೂಲಿಗೆ ಹೋಗುವ ತಾಯಂದಿರ ಮೂರು ವರ್ಷದೊಳಗಿನ ಮಕ್ಕಳನ್ನು ಅಲ್ಲಿ ಇಟ್ಟುಕೊಳ್ಳುತ್ತಾರೆ. ಮೂರು ದಾಟಿದವು ಅಂಗನವಾಡಿಗೆ. ಇದೆ ಅಂತ ಕಾಗದದಲ್ಲಿ ತೋರಿಸಿದರೆ ನಂಬಬೇಡಿ, ಹತ್ತು ಗಂಟೆಗೆ ಹೋಗಿ ಬಾಗಿಲು ತೆರೆದಿದೆಯಾ ನೋಡಿ. ಹೊಲದ ಕೆಲಸಕ್ಕೆ ಹೆಂಗಸರು ಎಂಟಕ್ಕೇ ಹೊರಡುತ್ತಾರೆ, ಟೈಮು ಹೊಂದದಿದ್ದರೆ ಮತ್ತೆ ಅಕ್ಕನೇ ಎತ್ತಿಕೊಂಡು ಕೂರಬೇಕು. ಬೆಳಗ್ಗೆ ಇನ್ನೂ ಬೇಗ ಬಾಗಿಲು ತೆರೆಸಲು ಗ್ರಾಮಸಭೆಯಲ್ಲಿ ಎತ್ತಿ, ಪಂಚಾಯಿತಿಯ ಅಧಿಕಾರಿ ಪಿಡಿಒ ಅಲ್ಲೇ ಇರುತ್ತಾರೆ.